ಹತ್ತೂರ ನೀರು ಕುಡಿದ ಸ್ಟ್ರೈಕರ್: ಅನೆಲ್ಕಾ ಕ್ಲಬ್ ಬಿಟ್ಟರೋ, ಕ್ಲಬ್‌ಗಳೇ ಅವರನ್ನು ಬಿಟ್ಟವೋ?

ಪ್ರಶ್ನೆ: ನಾವು ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವರು. ನನ್ನ ಸೋದರಳಿಯನಿಗೆ 21 ವರ್ಷ, ಫುಟ್‌ಬಾಲ್ ಆಡುತ್ತಾನೆ, ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವವನು). ಎರಡು ವರ್ಷದಲ್ಲಿ ಮೂರು ಕ್ಲಬ್ ಆಗಿದೆ. ಈ ಸೀಸನ್ನಿನಲ್ಲೇ ಮೊದಲು ಒಂದು ಕ್ಲಬ್‌ಗೆ ಆಡಿದ, ಜನವರಿಯಿಂದ ಇನ್ನೊಂದಕ್ಕೆ ಆಡುತ್ತಿದ್ದಾನೆ. ಈಗಿನ ಕ್ಲಬ್ ಜತೆ ಇನ್ನೂ ಒಂದು ವರ್ಷದ ಒಪ್ಪಂದ ಉಳಿದಿದೆ. ಅಷ್ಟರಲ್ಲಿ ಏಜೆಂಟ್ ಎಂದು ಹೇಳಿಕೊಳ್ಳುವ ಒಬ್ಬರು, ಯುರೋಪಿನ ಕೆಳ ಡಿವಿಷನ್ ಕ್ಲಬ್ ಒಂದರಲ್ಲಿ ಟ್ರಯಲ್ ಕೊಡಿಸುತ್ತೇನೆ, ಮುಂಗಡವಾಗಿ ಒಂದೂವರೆ ಲಕ್ಷ ಕೊಡಿ ಎನ್ನುತ್ತಿದ್ದಾರೆ. ಅವನ ಹಳೆಯ ಕೋಚ್ "ಇವನೂ ನಿಕೊಲಾ ಅನೆಲ್ಕಾ ಥರ ಊರೂರು ಸುತ್ತಿ ಹಾಳಾಗುತ್ತಾನೆ" ಎಂದು ಬೈದರು. ಅನೆಲ್ಕಾ 12 ಕ್ಲಬ್ ಬದಲಿಸಿದ್ದು ದುಡ್ಡಿನ ಆಸೆಗೋ, ಜಗಳಗಂಟತನಕ್ಕೋ? ನಮ್ಮ ಹುಡುಗ ಹೋಗಬೇಕೋ, ನಿಲ್ಲಬೇಕೋ?

ಉತ್ತರ: ಹುಡುಗನಿಗೆ ನಿಯತ್ತಿಲ್ಲ ಅಂತ ಹೆಸರು ಬಿದ್ದುಬಿಟ್ಟರೆ ಏನು ಗತಿ ಎಂಬುದು ನಿಮ್ಮ ಒಂದು ಚಿಂತೆ. ಈಗ ಹೋಗದಿದ್ದರೆ ಅವಕಾಶ ಮತ್ತೆ ಬರುವುದಿಲ್ಲವೇನೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಫ್ರಾನ್ಸ್‌ನ ಸ್ಟ್ರೈಕರ್ ಅನೆಲ್ಕಾ ಅವರ ಕಥೆಯಲ್ಲೇ ಉತ್ತರವಿದೆ. ಎರಡನೆಯದಕ್ಕೆ ಹುಡುಗನ ಒಪ್ಪಂದದ ಕಾಗದ ನೋಡಬೇಕು.

ಕ್ಲಬ್‌ಗಳ ಸಂಖ್ಯೆ ಎಣಿಸಿ ಆಟಗಾರನನ್ನು ಅಳೆಯುವುದು ನಮ್ಮಲ್ಲಿ ಬಹಳ ಇದೆ. ಅನೆಲ್ಕಾ ಅವರ ವಿಷಯದಲ್ಲಿ ಲೆಕ್ಕವೇನೋ ಸರಿಯಾಗಿಯೇ ಇದೆ: ಏಳು ದೇಶ, ಹನ್ನೆರಡು ಕ್ಲಬ್, ಅದರಲ್ಲಿ ಪ್ಯಾರಿಸ್ ಸೇಂಟ್-ಜರ್ಮೈನ್‌ಗೆ ಎರಡು ಸಲ. ಆದರೆ ಪ್ರತಿ ಸಲ ಯಾರು ಯಾರನ್ನು ಬಿಟ್ಟರು, ಎಷ್ಟಕ್ಕೆ ಬಿಟ್ಟರು ಎಂದು ನೋಡಿದರೆ ಬೇರೆ ಚಿತ್ರ ಕಾಣುತ್ತದೆ.

1997ರಲ್ಲಿ, ಇನ್ನೂ 18 ತುಂಬುವ ಮುಂಚೆ, ಪ್ಯಾರಿಸ್‌ನಿಂದ ಅವರನ್ನು ಆರ್ಸೆನಲ್ ಸುಮಾರು 5 ಲಕ್ಷ ಪೌಂಡಿಗೆ ತಂದಿತು. 1998ರಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಬಂದವು. ಮುಂದಿನ ಸೀಸನ್ನಿನಲ್ಲಿ ಲೀಗ್‌ನಲ್ಲಿ 17 ಗೋಲು, ಜತೆಗೆ ಆಟಗಾರರ ಸಂಘದ ವರ್ಷದ ಯುವ ಆಟಗಾರ ಪ್ರಶಸ್ತಿ. 1999ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಸುಮಾರು 2.3 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಆ ಹಣದಲ್ಲಿ ಆರ್ಸೆನಲ್ ಲಂಡನ್ ಕೋಲ್ನಿಯ ತರಬೇತಿ ಕೇಂದ್ರ ಕಟ್ಟಿಕೊಂಡಿತು, ಥಿಯರಿ ಆನ್ರಿ ಅವರನ್ನು ತಂದಿತು. ಹುಡುಗ ಕೈಬಿಟ್ಟು ಹೋದ ಎಂದು ಅಭಿಮಾನಿಗಳು ಮುನಿಸಿಕೊಂಡರು. ಕ್ಲಬ್‌ನ ಲೆಕ್ಕಪುಸ್ತಕಕ್ಕೆ ಮುನಿಸಿಕೊಳ್ಳಲು ಕಾರಣವೇ ಇರಲಿಲ್ಲ.

ಮ್ಯಾಡ್ರಿಡ್‌ನಲ್ಲಿ ನಡೆದದ್ದೇ ಅವರ ಹೆಸರಿಗೆ ಅಂಟಿದ ಕಲೆ. ಅವರನ್ನು ತರುವಾಗ ಕೋಚ್ ಆಗಿದ್ದವರು ಜಾನ್ ಟೊಷಾಕ್. ನವೆಂಬರಿನಲ್ಲಿ ಟೊಷಾಕ್ ಹೋಗಿ ವಿಸೆಂಟೆ ಡೆಲ್ ಬಾಸ್ಕ್ ಬಂದರು. 2000ರ ಮಾರ್ಚ್‌ನಲ್ಲಿ ಅನೆಲ್ಕಾ ತರಬೇತಿಗೆ ಬರಲು ಒಪ್ಪಲಿಲ್ಲ, ಕ್ಲಬ್ 45 ದಿನ ಅಮಾನತು ಮಾಡಿತು. ಇದು ಅವರದೇ ತಪ್ಪು, ಅದಕ್ಕೆ ಸಬೂಬು ಹುಡುಕಬೇಕಾಗಿಲ್ಲ. ಆದರೆ ಮುಂದಿನದನ್ನು ಜನ ಮರೆಯುತ್ತಾರೆ. ಹಿಂದಿರುಗಿ ಬಂದು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದರು. ವೆಲೆನ್ಸಿಯಾವನ್ನು 3-0ಯಿಂದ ಸೋಲಿಸಿದ ಫೈನಲ್‌ನಲ್ಲಿ ಮೊದಲ ಹನ್ನೊಂದರಲ್ಲಿದ್ದರು. ಅದೇ ಬೇಸಿಗೆಯಲ್ಲಿ ಫ್ರಾನ್ಸ್ ಜತೆ ಯುರೋ 2000 ಕೂಡ ಗೆದ್ದರು. ವರ್ಷವಿಡೀ ಲೀಗ್‌ನಲ್ಲಿ ಹೊಡೆದ ಗೋಲು ಮಾತ್ರ ಎರಡು. ಒಂದೇ ವರ್ಷದಲ್ಲಿ ಇಷ್ಟು ಏರಿಳಿತ ಕಂಡ ಸ್ಟ್ರೈಕರ್‌ಗಳು ವಿರಳ.

ಆ ಜುಲೈಯಲ್ಲಿ ಮ್ಯಾಡ್ರಿಡ್‌ನ ಅಧ್ಯಕ್ಷಗಿರಿಯೇ ಬದಲಾಗಿ ಫ್ಲೊರೆಂಟಿನೊ ಪೆರೆಸ್ ಬಂದರು, ಹಿಂದೆಯೇ ಲೂಯಿಸ್ ಫಿಗೊ ಬಂದರು. ಅನೆಲ್ಕಾ ಅವರನ್ನು ಪ್ಯಾರಿಸ್ ಕ್ಲಬ್ಬು, ಮ್ಯಾಡ್ರಿಡ್ ಕೊಟ್ಟಷ್ಟೇ ಬೆಲೆಯ ಆಸುಪಾಸಿನಲ್ಲಿ ಹಿಂದಕ್ಕೆ ಕೊಂಡಿತು. ಕರೆಸಿಕೊಂಡ ಕೋಚ್ ಫಿಲಿಪ್ ಬರ್ಜರೂ. ಡಿಸೆಂಬರ್ ಹೊತ್ತಿಗೆ ಅವರೂ ಮನೆಗೆ ಹೋಗಿ ಲೂಯಿಸ್ ಫೆರ್ನಾಂಡೆಸ್ ಬಂದರು, ಅವರ ಜತೆ ಹೊಂದಲಿಲ್ಲ. ಒಂದು ವರ್ಷದ ನಂತರ ಲಿವರ್‌ಪೂಲ್‌ಗೆ ಲೋನ್, ಅಂದರೆ ಸ್ವಲ್ಪ ಕಾಲಕ್ಕೆ ಎರವಲು. ಅಲ್ಲಿ ಸೀಸನ್ ಮುಗಿದಾಗ ಕೋಚ್ ಜೆರಾರ್ ಹೂಲಿಯೆ ಅವರನ್ನು ಕಾಯಂ ಮಾಡದೆ ಎಲ್ ಹಾಜಿ ಡಿಯುಫ್ ಅವರನ್ನು ಆರಿಸಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅಲೆದಾಟದ ಮೂಲ ಇರುವುದೇ ಇಲ್ಲಿ. ಸ್ಟ್ರೈಕರ್ ಸೇರುವುದು ಕ್ಲಬ್‌ಗೆ, ಕರೆಸಿಕೊಳ್ಳುವುದು ಕೋಚ್. ಆಟಗಾರನ ಒಪ್ಪಂದ ನಾಲ್ಕೈದು ವರ್ಷದ್ದು, ಕೋಚ್ ಕುರ್ಚಿ ಹಲವು ಸಲ ನಾಲ್ಕೈದು ತಿಂಗಳದ್ದು. ಹೊಸ ಕೋಚ್ ಬಂದರೆ ನಾಲ್ವರ ಡಿಫೆನ್ಸ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಇಬ್ಬರು ಸ್ಟ್ರೈಕರ್ ಬೇಕೋ ಒಬ್ಬರು ಸಾಕೋ ಎಂಬುದು ಮೊದಲು ಬದಲಾಗುತ್ತದೆ. ಎರಡರಿಂದ ಒಂದಕ್ಕೆ ಇಳಿದ ದಿನ ಒಬ್ಬ ಸ್ಟ್ರೈಕರ್ ಹೆಚ್ಚುವರಿ. ಅನೆಲ್ಕಾ ಅವರಿಗೆ ಈ ಪೆಟ್ಟು ಜೋರಾಗಿಯೇ ಬಿತ್ತು. ಅವರು ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ನಿಂತು, ಬದಿಯಿಂದ ಬರುವ ಕ್ರಾಸ್‌ಗೆ ಕಾಯುವ ಜಾತಿಯವರಲ್ಲ. ಕೆಳಗಿಳಿದು ಚೆಂಡು ಪಡೆದು, ಗೋಲಿನತ್ತ ತಿರುಗಿ, ವೇಗದಲ್ಲಿ ಓಡುವವರು. ಪಕ್ಕದಲ್ಲೋ ಮುಂದೆಯೋ ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗುವ ಜತೆಗಾರ ಇದ್ದರೆ ಅವರ ಆಟ ಅರಳುತ್ತಿತ್ತು.

ಹಾಗಾಗಿ "ಎಲ್ಲೂ ನಿಲ್ಲಲಿಲ್ಲ" ಎನ್ನುವುದು ಅರ್ಧ ಸುಳ್ಳು. ತಮ್ಮನ್ನು ಬೇಕೆಂದೇ ಕರೆದ ಕೋಚ್ ಉಳಿದ ಕಡೆ ಅವರೂ ಉಳಿದರು. 2002ರಲ್ಲಿ ಕೋಚ್ ಕೆವಿನ್ ಕೀಗನ್ ಅನೆಲ್ಕಾ ಅವರನ್ನು ಮ್ಯಾಂಚೆಸ್ಟರ್ ಸಿಟಿಗೆ ಕರೆದರು, ಅಲ್ಲಿ ಎರಡೂವರೆ ವರ್ಷ ಇದ್ದರು. ಮೊದಲೆರಡು ಸೀಸನ್ನಿನ ಲೀಗ್ ಗೋಲು 14 ಮತ್ತು 16. ಆಮೇಲೆ ತುರ್ಕಿಯ ಫೆನರ್‌ಬಾಚೆ, ಅಲ್ಲೂ ಲೀಗ್ ಪ್ರಶಸ್ತಿ. 2006ರಲ್ಲಿ ಬೋಲ್ಟನ್ 80 ಲಕ್ಷ ಪೌಂಡ್ ಕೊಟ್ಟಿತು, ಹದಿನೆಂಟೇ ತಿಂಗಳಲ್ಲಿ ಚೆಲ್ಸಿಗೆ ಸುಮಾರು 1.5 ಕೋಟಿಗೆ ಮಾರಿತು. ಸಣ್ಣ ಕ್ಲಬ್ ಒಂದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಎಲ್ಲಿ ಸಿಗಬೇಕು? ಚೆಲ್ಸಿಯಲ್ಲಿ ಅನೆಲ್ಕಾ ನಾಲ್ಕು ವರ್ಷ ಇದ್ದರು. ಅಷ್ಟರಲ್ಲಿ ಗ್ರಾಂಟ್, ಸ್ಕೊಲಾರಿ, ಹಿಡಿಂಕ್, ಆಂಚೆಲೊಟ್ಟಿ, ವಿಲ್ಲಾಸ್-ಬೋವಾಸ್ ಎಂದು ಐವರು ಕೋಚ್‌ಗಳು ಬಂದುಹೋದರು. 2008-09ರಲ್ಲಿ ದಿದಿಯೆ ದ್ರೋಗ್ಬಾ ಗಾಯಗೊಂಡಾಗ ನಡುವಿನ ಜಾಗ ಸಿಕ್ಕಿತು, 19 ಗೋಲು ಹೊಡೆದು ಪ್ರೀಮಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದರು. ಮರುವರ್ಷ ದ್ರೋಗ್ಬಾ ನಡುವಿನಲ್ಲಿ, ಅನೆಲ್ಕಾ ಬಹುಪಾಲು ಬದಿಯಲ್ಲಿ. ಗೋಲು ಕಡಿಮೆಯಾದವು, ತಂಡ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. ಬದಿಗೆ ಸರಿಯಲು ಒಪ್ಪಿದವರನ್ನು ಜಗಳಗಂಟ ಎನ್ನುವುದು ಕಷ್ಟ.

ಹಾಗಂತ ಅವರನ್ನು ಸಾಧು ಮಾಡುವುದೂ ಬೇಡ. ಫ್ರಾನ್ಸ್ ತಂಡದೊಳಗೆ ಅವರ ಕಥೆ ಕಹಿಯಾಗಿಯೇ ಮುಗಿಯಿತು: 69 ಪಂದ್ಯ, 14 ಗೋಲು. 1998ರ ವಿಶ್ವಕಪ್‌ಗೆ ಕೊನೆಯ ಕ್ಷಣದಲ್ಲಿ ಹೆಸರು ಕೈಬಿಡಲಾಯಿತು, 2002 ಮತ್ತು 2006ಕ್ಕೆ ಆಯ್ಕೆಯೇ ಇಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೆಕ್ಸಿಕೋ ವಿರುದ್ಧದ ಪಂದ್ಯದ ವಿರಾಮದಲ್ಲಿ ಕೋಚ್ ರೇಮಂ ಡೊಮೆನೆಕ್ ಜತೆ ಮಾತಿಗೆ ಮಾತು ಬೆಳೆದು ಮನೆಗೆ ಕಳಿಸಲ್ಪಟ್ಟರು. ಆಮೇಲೆ 18 ಪಂದ್ಯಗಳ ನಿಷೇಧ. 2013ರ ಡಿಸೆಂಬರಿನಲ್ಲಿ ವೆಸ್ಟ್ ಬ್ರಾಮ್ವಿಚ್ ಪರ ಗೋಲು ಹೊಡೆದು ಮಾಡಿದ, ಯೆಹೂದಿ ವಿರೋಧಿ ಎನ್ನಲಾದ 'ಕೆನೆಲ್' ಸನ್ನೆಗೆ ಇಂಗ್ಲೆಂಡ್‌ನ ಫುಟ್‌ಬಾಲ್ ಒಕ್ಕೂಟ ಎಫ್‌ಎ ಐದು ಪಂದ್ಯ ನಿಷೇಧ, 80,000 ಪೌಂಡ್ ದಂಡ ಹಾಕಿತು. ಕ್ಲಬ್ಬೂ ಕೆಲಸದಿಂದ ತೆಗೆಯಿತು. 2014ರಲ್ಲಿ ಭಾರತದ ಲೀಗ್ ಐಎಸ್‌ಎಲ್‌ನ ಮುಂಬೈ ಸಿಟಿಗೆ ಬಂದಾಗ ಆ ಶಿಕ್ಷೆಯ ಬಾಕಿಯೂ ಜತೆಗೇ ಬಂದಿತು, ಮೊದಲ ಕೆಲವು ಪಂದ್ಯ ಆಡಲಾಗಲಿಲ್ಲ. ಊರು ಬಿಟ್ಟರೆ ಶಿಕ್ಷೆ ತಪ್ಪುತ್ತದೆ ಎಂದುಕೊಳ್ಳುವ ಹುಡುಗರು ನಮ್ಮಲ್ಲೂ ಇದ್ದಾರೆ. ಬಾಕಿ ಉಳಿದ ನಿಷೇಧವನ್ನು ಹೊಸ ದೇಶದ ಒಕ್ಕೂಟವೂ ಜಾರಿ ಮಾಡಲೇಬೇಕು, ವರ್ಗಾವಣೆ ಪತ್ರದ ಜತೆ ಆ ವಿವರವೂ ಹೋಗುತ್ತದೆ.

ದುಡ್ಡಿನ ಪ್ರಶ್ನೆಗೆ ಬರೋಣ. ಚೀನಾದ ಶಾಂಘೈ ಶೆನ್ಹುವಾಗೆ ಅವರು ಹೋದದ್ದರಲ್ಲಿ ದುಡ್ಡಿನ ಪಾಲು ದೊಡ್ಡದು, ಮುಚ್ಚುಮರೆ ಏನಿಲ್ಲ. ಆಗ ಚೆಲ್ಸಿಯಲ್ಲಿ ಅವರ ಒಪ್ಪಂದ ಮುಗಿಯಲು ಆರು ತಿಂಗಳಿತ್ತು, ವಯಸ್ಸು 32. ಶಾಂಘೈಯಲ್ಲಿ ಕೋಚ್ ಜಾನ್ ಟಿಗಾನಾ ಏಪ್ರಿಲ್ ಹೊತ್ತಿಗೇ ಹೋದರು, ಮತ್ತೆ ಅದೇ ಕಥೆ. 2013ರ ಜನವರಿಯಲ್ಲಿ ಯುವೆಂಟಸ್, ಅಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಆದರೆ ಅದಕ್ಕೆ ಹಿಂದಿನ ಏಳು ಮಾರಾಟಗಳ ಬೆಲೆಯನ್ನು ಕೂಡಿಸಿ ನೋಡಿ. ಎಂಟೂವರೆ ಕೋಟಿ ಪೌಂಡಿನ ಆಸುಪಾಸಾಗುತ್ತದೆ. ಅದು ಓಡಾಡಿದ್ದು ಕ್ಲಬ್‌ನಿಂದ ಕ್ಲಬ್‌ಗೆ, ಆಟಗಾರನ ಜೇಬಿಗಲ್ಲ.

ಕ್ಲಬ್ ಏಕೆ ಮಾರುತ್ತದೆ ಎಂಬುದರ ಹಿಂದೆ ಸರಳ ಗಣಿತವಿದೆ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಕೊಟ್ಟ ಬೋಸ್ಮನ್ ತೀರ್ಪಿನ ನಂತರ, ಒಪ್ಪಂದ ಮುಗಿದ ಆಟಗಾರ ಬೇರೆ ದೇಶದ ಕ್ಲಬ್‌ಗೆ ಬಿಟ್ಟಿ ಹೋಗಬಹುದು. ಈಗಿನ ಫೀಫಾ ನಿಯಮದಲ್ಲಿ ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜತೆ ಮುಂಗಡ ಸಹಿಯನ್ನೂ ಹಾಕಬಹುದು. ಕ್ಲಬ್ಬು ಕೊಂಡ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತದೆ. 5 ವರ್ಷಕ್ಕೆ 10 ಕೋಟಿ ಎಂದರೆ ವರ್ಷಕ್ಕೆ 2 ಕೋಟಿ ಖರ್ಚು. ಮೂರು ವರ್ಷವಾದ ಮೇಲೆ ಪುಸ್ತಕದಲ್ಲಿ ಉಳಿದ ಬೆಲೆ 4 ಕೋಟಿ. 4 ಕೋಟಿಗಿಂತ ಹೆಚ್ಚು ಯಾರು ಕೊಟ್ಟರೂ ಲಾಭ. ಎರಡು ವರ್ಷ ಉಳಿದಿರುವಾಗ ಕ್ಲಬ್ "ಹೊಸ ಒಪ್ಪಂದಕ್ಕೆ ಸಹಿ ಹಾಕು, ಇಲ್ಲವೇ ಮಾರುತ್ತೇವೆ" ಎನ್ನುವುದು ಇದಕ್ಕೇ. ಆಟಗಾರನ ಮೇಲೆ ಪ್ರೀತಿ ಕಡಿಮೆಯಾಗಿದೆ ಎಂದು ಅರ್ಥವಲ್ಲ, ಬೆಲೆ ದಿನದಿನಕ್ಕೆ ಇಳಿಯುತ್ತಿದೆ ಎಂದರ್ಥ.

ಈಗ ನಿಮ್ಮ ಹುಡುಗನ ವಿಷಯ. ಏಜೆಂಟ್ ಹೇಳದೆ ಬಿಟ್ಟ ಮಾತು ಇದು: ಫೀಫಾ ನಿಯಮದಲ್ಲಿ ಒಬ್ಬ ಆಟಗಾರ ಒಂದು ಸೀಸನ್ನಿನಲ್ಲಿ ಗರಿಷ್ಠ ಮೂರು ಕ್ಲಬ್‌ಗೆ ನೋಂದಣಿಯಾಗಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದದ್ದು ಎರಡಕ್ಕೆ ಮಾತ್ರ. ಅವನು ಈಗಾಗಲೇ ಎರಡಕ್ಕೆ ಆಡಿಯಾಗಿದೆ. ಎರಡು ದೇಶಗಳ ಸೀಸನ್‌ಗಳು ಒಂದರ ಮೇಲೊಂದು ಬೀಳುವಾಗ ವಿನಾಯಿತಿ ಇದೆ. ಉದಾಹರಣೆಗೆ, ವಸಂತದಲ್ಲಿ ಶುರುವಾಗುವ ಲೀಗ್‌ನ ದೇಶಕ್ಕೆ ಹೋದರೆ ಮೂರನೆಯದಕ್ಕೂ ಆಡಲು ಅವಕಾಶವಿರಬಹುದು. ಟ್ರಯಲ್ ಯಾವ ದೇಶದಲ್ಲಿ, ಅಲ್ಲಿನ ಸೀಸನ್ ಯಾವಾಗ, ನೋಂದಣಿ ವಿಂಡೋ (ಆಟಗಾರರನ್ನು ಸೇರಿಸಿಕೊಳ್ಳುವ ಅವಧಿ) ಯಾವಾಗ ಮುಚ್ಚುತ್ತದೆ ಎಂಬ ಮೂರನ್ನು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಒಂದೂವರೆ ಲಕ್ಷದ ವಿಷಯ ಇನ್ನೂ ನೇರ: ಕೊಡಬೇಡಿ. ನಿಜವಾದ ಏಜೆಂಟ್‌ನ ಸಂಪಾದನೆ ಆಟಗಾರ ಸಹಿ ಹಾಕಿ ಸಂಬಳ ಬರತೊಡಗಿದ ಮೇಲೆ ಅದರ ಪಾಲಾಗಿ ಬರುತ್ತದೆ. ಟ್ರಯಲ್‌ಗೆ ಮುಂಗಡ ಕೇಳುವವನ ಕಸುಬು ಫುಟ್‌ಬಾಲ್ ಅಲ್ಲ, ಟಿಕೆಟ್ ಮತ್ತು ಆಸೆ ಮಾರುವುದು. 2023ರಿಂದ ಏಜೆಂಟ್‌ಗಳು ಫೀಫಾ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು. ಹೆಸರು ಫೀಫಾದ ಸಾರ್ವಜನಿಕ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಬಹುದು. ಆಟಗಾರನ ಜತೆ ಏಜೆಂಟ್ ಮಾಡಿಕೊಳ್ಳುವ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ. "ಐದು ವರ್ಷಕ್ಕೆ ಸಹಿ ಹಾಕಿ" ಎಂದರೆ ಪೆನ್ನು ಕೆಳಗಿಡಿ. ಟ್ರಯಲ್ ನಿಜವೇ ಆಗಿದ್ದರೆ ಆಹ್ವಾನ ಪತ್ರ ಕ್ಲಬ್‌ನ ಅಧಿಕೃತ ಇಮೇಲ್‌ನಿಂದ ಬರುತ್ತದೆ, ಅದರಲ್ಲಿ ದಿನಾಂಕ, ವಸತಿ, ವಿಮೆ ಯಾರದು ಎಂದು ಇರುತ್ತದೆ. ಟ್ರಯಲ್‌ನಲ್ಲಿ ಮಂಡಿ ತಿರುಚಿದರೆ ಎಂಆರ್‌ಐ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಬಹುತೇಕ ಮನೆಯವರು ಕೇಳುವುದೇ ಇಲ್ಲ. ಈಗಿನ ಕ್ಲಬ್‌ನ ಲಿಖಿತ ಅನುಮತಿಯೂ ಬೇಕು, ಏಕೆಂದರೆ ಹುಡುಗ ಇನ್ನೂ ಅವರ ಒಪ್ಪಂದದಲ್ಲಿದ್ದಾನೆ.

ಇನ್ನೊಂದು ಮಾತನ್ನೂ ನೀವು ಕೇಳಿರಬಹುದು: "ಲಸಾನಾ ಡಿಯಾರಾ ತೀರ್ಪು ಬಂದಿದೆ, ಈಗ ಯಾರು ಬೇಕಾದರೂ ಒಪ್ಪಂದ ಮುರಿದು ಹೋಗಬಹುದು." ಇದು ಸುಳ್ಳು. 2024ರ ಅಕ್ಟೋಬರ್ 4ರಂದು ಆ ಫ್ರೆಂಚ್ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ತಪ್ಪೆಂದದ್ದು ಒಪ್ಪಂದ ಮುರಿದ ಆಟಗಾರನ ಮೇಲೆ, ಅವನನ್ನು ಸೇರಿಸಿಕೊಂಡ ಕ್ಲಬ್‌ನ ಮೇಲೆ ಫೀಫಾ ಹೊರಿಸುತ್ತಿದ್ದ ಪರಿಹಾರದ ಹೊರೆಯ ಕೆಲವು ನಿಯಮಗಳನ್ನು. ಒಪ್ಪಂದ ಒಪ್ಪಂದವೇ. 28 ವರ್ಷದೊಳಗೆ ಸಹಿ ಹಾಕಿದ ಒಪ್ಪಂದಕ್ಕೆ ಮೊದಲ ಮೂರು ವರ್ಷ ರಕ್ಷಿತ ಅವಧಿ. ಆಗ ಕಾರಣವಿಲ್ಲದೆ ಎದ್ದುಹೋದರೆ ನಾಲ್ಕು ತಿಂಗಳು ಆಡದಂತೆ ಶಿಕ್ಷೆಯಾಗಬಹುದು. 21ರ ಸ್ಟ್ರೈಕರ್‌ಗೆ ನಾಲ್ಕು ತಿಂಗಳೆಂದರೆ ಅರ್ಧ ಸೀಸನ್.

ನ್ಯಾಯವಾಗಿ ಹೊರಬರುವ ದಾರಿ ಇದೆ. ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್‌ಗೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಗಡುವು ಕೊಡಬೇಕು. ಆಗಲೂ ಕೊಡದಿದ್ದರೆ ನ್ಯಾಯವಾದ ಕಾರಣದ ಮೇಲೆ ಒಪ್ಪಂದ ಮುಗಿಸಬಹುದು. ಇದರಲ್ಲಿ ಎಡವುವುದು ಯಾವಾಗಲೂ ಒಂದೇ ಕಡೆ: ನೋಟಿಸನ್ನು ಬಾಯಿಮಾತಲ್ಲಿ ಹೇಳುವುದು, ಇಲ್ಲವೇ ಗಡುವು ಮುಗಿಯುವ ಮುನ್ನ ತರಬೇತಿಗೆ ಹೋಗುವುದನ್ನು ನಿಲ್ಲಿಸುವುದು. ತರಬೇತಿ ತಪ್ಪಿಸಿದ ದಿನ ತಪ್ಪಿತಸ್ಥ ಕ್ಲಬ್ ಅಲ್ಲ, ಹುಡುಗ ಆಗುತ್ತಾನೆ. ಮ್ಯಾಡ್ರಿಡ್‌ನ ಆ 45 ದಿನ ನೆನಪಿರಲಿ.

ವಿದೇಶಿ ಕ್ಲಬ್ ಹಿಂಜರಿಯಲು ಇನ್ನೊಂದು ಕಾರಣವಿರುತ್ತದೆ, ಅದು ಹುಡುಗನ ಆಟಕ್ಕೆ ಸಂಬಂಧಿಸಿದ್ದಲ್ಲ. 23 ತುಂಬುವ ಕ್ಯಾಲೆಂಡರ್ ವರ್ಷ ಮುಗಿಯುವವರೆಗೆ ವೃತ್ತಿಪರ ಆಟಗಾರ ದೇಶ ದಾಟಿದರೆ, ಅವನು ಬಿಟ್ಟು ಬಂದ ಹಿಂದಿನ ಕ್ಲಬ್‌ಗೆ, 21ರವರೆಗೆ ಅದು ಬೆಳೆಸಿದ ಅವಧಿಗೆ ತರಬೇತಿ ಪರಿಹಾರ ಕೊಡಬೇಕಾಗುತ್ತದೆ. ಯುರೋಪಿನ ಮೂರನೇ ವರ್ಗದ ಕ್ಲಬ್‌ಗೆ ಲೆಕ್ಕ ವರ್ಷಕ್ಕೆ 30,000 ಯೂರೋ, ಅತಿ ಮೇಲಿನ ವರ್ಗಕ್ಕೆ 90,000; ಅತಿ ಕೆಳಗಿನ ನಾಲ್ಕನೇ ವರ್ಗದ ಕ್ಲಬ್ ಮಾತ್ರ ಕೊಡಬೇಕಾಗಿಲ್ಲ. ಇದು ಕೊಳ್ಳುವ ಕ್ಲಬ್‌ನ ಹೊಣೆ. "ಈ ಹಣ ಮನೆಯವರು ಕಟ್ಟಿ" ಎಂದು ಯಾರಾದರೂ ಹೇಳಿದರೆ ಅದು ಮೋಸ. ಇಷ್ಟು ಹಣ ತೆರಬೇಕಾದ ಸಣ್ಣ ಕ್ಲಬ್, ಹಳೆಯ ಕ್ಲಬ್ ತನ್ನ ಹಕ್ಕು ಬಿಟ್ಟು ಪತ್ರ ಕೊಟ್ಟರೆ ಮಾತ್ರ ಮುಂದುವರಿಯುವುದುಂಟು. ಆದ್ದರಿಂದ ಹಳೆಯ ಕೋಚ್ ಬೈದರೂ ಹಳೆಯ ಕ್ಲಬ್ ಜತೆ ಸಂಬಂಧ ಕೆಡಿಸಿಕೊಳ್ಳಬೇಡಿ. ಒಪ್ಪಂದ ಮುಗಿಯುವ ಮುನ್ನವೇ ದುಡ್ಡು ಕೊಟ್ಟು ದೇಶ ದಾಟಿಸಿದರೆ ಆ ಕ್ಲಬ್‌ಗೆ ಪಾಲೂ ಇದೆ: ಮಾರಾಟ ಬೆಲೆಯ ಶೇ 5 ಬೆಳೆಸಿದ ಕ್ಲಬ್‌ಗಳಿಗೆ ಹೋಗುತ್ತದೆ. 12ರಿಂದ 15ರ ಪ್ರತಿ ವರ್ಷಕ್ಕೆ ಶೇ 0.25, 16ರಿಂದ 23ರವರೆಗೆ ಶೇ 0.5. ಒಂದು ಕೋಟಿ ರೂಪಾಯಿಗೆ ಹೋದ ಹುಡುಗನನ್ನು 16ರಿಂದ ನಾಲ್ಕು ವರ್ಷ ಬೆಳೆಸಿದ ಕ್ಲಬ್‌ಗೆ ಎರಡು ಲಕ್ಷ. ಆಸ್ಟಿನ್ ಟೌನ್‌ನ ಸಣ್ಣ ಕ್ಲಬ್‌ಗೆ ಅದು ಒಂದು ವರ್ಷದ ಬೂಟು, ಚೆಂಡಿನ ಖರ್ಚು.

ಹುಡುಗನಿಗೆ ಹೋಲಿಕೆ ಬೇಕಾದರೆ ಅನೆಲ್ಕಾ ಅವರಿಗಿಂತ ಸುನಿಲ್ ಛೆಟ್ರಿ ಹತ್ತಿರ. 2015ರಲ್ಲಿ ಮುಂಬೈ ಸಿಟಿಯಲ್ಲಿ ಅನೆಲ್ಕಾ ಆಟಗಾರ-ಕೋಚ್ ಆಗಿದ್ದಾಗ ಛೆಟ್ರಿ ಅವರ ಕೈಕೆಳಗೆ ಆಡಿದ್ದೂ ಉಂಟು. 2002ರಿಂದ 2013ರವರೆಗೆ ಛೆಟ್ರಿ ಸುತ್ತಿದ್ದನ್ನು ಎಣಿಸಿ: ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡ, ಚರ್ಚಿಲ್ ಬ್ರದರ್ಸ್. 2009ರಲ್ಲಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಒಪ್ಪಂದವನ್ನೇ ಕೊಟ್ಟಿತ್ತು. ಫೀಫಾ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇಲ್ಲದ ಕಾರಣ ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಕಾನ್ಸಾಸ್‌ನಲ್ಲಿ ಒಂದೇ ಒಂದು ಲೀಗ್ ಪಂದ್ಯವೂ ಸಿಗಲಿಲ್ಲ. ಗೋಲು ಹೊಡೆಯುವವನಿಗೆ ವಿದೇಶದ ಬೆಂಚು ದುಬಾರಿ ಶಾಲೆ. ಆಮೇಲೆ 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು, ಮುಂಬೈಯ ಆ ಲೋನ್ ಬಿಟ್ಟರೆ ಅಲ್ಲೇ ನಿಂತರು. ಮೊದಲು ಅಲೆದವರೂ ಅವರೇ, ಆಮೇಲೆ ನೆಲೆ ನಿಂತವರೂ ಅವರೇ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನ್ನ ಒಲವು ಇದು. ಈಗಿನ ಕ್ಲಬ್‌ನಲ್ಲಿ ಪಂದ್ಯಕ್ಕೆ 60 ನಿಮಿಷದ ಮೇಲೆ ಆಡುತ್ತಿದ್ದರೆ ಕದಲಬೇಡಿ, ಒಪ್ಪಂದದ ಆ ವರ್ಷ ಮುಗಿಸಲಿ. ಕೊನೆಯ ಆರು ತಿಂಗಳಲ್ಲಿ ಮಾತುಕತೆಯ ಬಲ ಅವನ ಕೈಗೆ ಬರುತ್ತದೆ. ಅಪಾಯ ಒಂದೇ, ಆ ವರ್ಷದಲ್ಲಿ ಗಾಯವಾದರೆ ಕೈಯಲ್ಲಿ ಒಪ್ಪಂದವೂ ಇಲ್ಲ, ಆಟವೂ ಇಲ್ಲ. ಅದಕ್ಕೆ ಚಿಕಿತ್ಸೆಯ ಖರ್ಚು ಒಪ್ಪಂದ ಮುಗಿದ ನಂತರವೂ ಕ್ಲಬ್‌ನದೇ ಎಂದು ಒಂದು ಸಾಲು ಬರೆಸಿಕೊಳ್ಳಿ. ಬೆಂಚಿನಲ್ಲೇ ಕೂರುತ್ತಿದ್ದರೆ ಮುಂದಿನ ಸೀಸನ್ನಿಗೆ ಲೋನ್ ಕೇಳಿ. ಅದು ಗರಿಷ್ಠ ಒಂದು ವರ್ಷದ್ದು, ಲೋನ್ ಪಡೆದ ಕ್ಲಬ್ ಮತ್ತೊಂದಕ್ಕೆ ಅವನನ್ನು ಲೋನ್ ಕೊಡುವಂತಿಲ್ಲ. ಸಂಬಳ ಯಾರು ಕೊಡುತ್ತಾರೆ, ನಡುವೆ ವಾಪಸ್ ಕರೆಯಬಹುದೇ, ಕೊಳ್ಳುವ ಆಯ್ಕೆ ಇದೆಯೇ ಎಂಬುದು ಕಾಗದದಲ್ಲಿರಲಿ. ಲಿವರ್‌ಪೂಲ್ ಮಾಡಿದಂತೆ ಆ ಆಯ್ಕೆಯನ್ನು ಬಳಸದೇ ಹೋಗಬಹುದು, ಆಗ ಹುಡುಗ ಮರಳುವುದು ತನ್ನನ್ನು ಬೇಡವೆಂದ ಕೋಚ್ ಹತ್ತಿರಕ್ಕೆ.

ಸಹಿ ಹಾಕುವ ಮುನ್ನ ಹೊಸ ಕ್ಲಬ್‌ನ ಕೋಚ್‌ಗೆ ಇನ್ನೆಷ್ಟು ತಿಂಗಳ ಒಪ್ಪಂದ ಉಳಿದಿದೆ ಎಂದು ಕೇಳಲು ಸಂಕೋಚಪಡಬೇಡಿ. ಕಳೆದ ಸೀಸನ್ನಿನಲ್ಲಿ ಆ ತಂಡ ಎಷ್ಟು ಪಂದ್ಯ ಇಬ್ಬರು ಸ್ಟ್ರೈಕರ್ ಇಟ್ಟು ಆಡಿತು ಎಂದು ಹುಡುಗನೇ ವೀಡಿಯೊ ನೋಡಿ ಎಣಿಸಲಿ. ಮತ್ತು ಈ ತಿಂಗಳೇ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ನೋಂದಣಿ ವ್ಯವಸ್ಥೆಯಲ್ಲಿ ಅವನ ಹೆಸರಿನೆದುರು ಒಪ್ಪಂದ ಮುಗಿಯುವ ದಿನಾಂಕ ಯಾವುದು ನಮೂದಾಗಿದೆ ಎಂದು ಕ್ಲಬ್‌ನಿಂದ ಪ್ರತಿ ತರಿಸಿ ನೋಡಿ. ಮನೆಯಲ್ಲಿರುವ ಕಾಗದಕ್ಕೂ ಅದಕ್ಕೂ ಒಂದು ವರ್ಷದ ವ್ಯತ್ಯಾಸ ಸಿಕ್ಕಿದರೆ, ಏಜೆಂಟ್‌ಗಿಂತ ಮೊದಲು ವಕೀಲರನ್ನು ಕಾಣಬೇಕಾಗುತ್ತದೆ.